ಅವ್ವನಿಗೂ ಗುರುತು ಸಿಗದ ಮುಖ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯಿಂದ ಬಂದ ನಾವು ಹಾಸ್ಟೆಲ್‌ನಲ್ಲಿ ಒಂದು ಗ್ರೂಪ್ ಫೋಟೊ ತೆಗೆದರೆ, ಅದು ಸ್ಟೇಟಸ್‌ಗೆ ಹೋಗುವಷ್ಟರಲ್ಲಿ ಅರ್ಧ ಗಂಟೆ. ಒಬ್ಬ ಕಪ್ಪಗೆ ಕಂಡ, ಒಬ್ಬಳಿಗೆ ಮೊಡವೆ ಕಾಣಿಸ್ತು. ಫಿಲ್ಟರ್ ಹಾಕಿ ಹಾಕಿ ಕೊನೆಗೆ ಅವ್ವನಿಗೂ ಗುರುತು ಸಿಗದ ಮುಖ! ನಗು ಬರುತ್ತೆ. ಆದರೆ ರೀಲ್ಸ್ ನೋಡಿ ಗೆಳತಿಯೊಬ್ಬಳು ರಾತ್ರಿ ಊಟ ಬಿಟ್ಟಾಗ, ಗೆಳೆಯನೊಬ್ಬ ಸಿಕ್ಸ್ ಪ್ಯಾಕ್‌ಗಾಗಿ ಯಾರೋ ಹೇಳಿದ ಪುಡಿ ನುಂಗಿದಾಗ ನಗು ನಿಲ್ಲುತ್ತೆ.

ಕಂಪನಿಗೂ ಇದು ಗೊತ್ತಿತ್ತು. 2021ರಲ್ಲಿ ಹೊರಬಿದ್ದ ಫೇಸ್‌ಬುಕ್ ದಾಖಲೆಗಳಲ್ಲೇ ಇತ್ತು: ದೇಹದ ಬಗ್ಗೆ ಬೇಸರವಾದಾಗ ಇನ್‌ಸ್ಟಾಗ್ರಾಮ್ ಅದನ್ನು ಇನ್ನೂ ಹೆಚ್ಚಿಸುತ್ತೆ ಎಂದು ಹದಿಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಮಂದಿ ಹೇಳಿದ್ದರು. ಒಂದು ರೀಲ್ ಪೂರ್ತಿ ನೋಡಿದರೆ ಅಂಥವೇ ಹತ್ತು ಮುಂದೆ ಬಂದು ನಿಲ್ಲುತ್ತವೆ. ಕೋಡ್ ಬರೆಯೋ ನಮಗೆ ಈ ಲೆಕ್ಕ ತಿಳಿಯಲ್ವಾ?

ಬ್ಯಾಡಗಿ ಮಾರುಕಟ್ಟೆಗೆ ಬಂದು ನೋಡಿ. ನಮ್ಮ ಮೆಣಸಿನಕಾಯಿಗೆ ಮೈತುಂಬ ಸುಕ್ಕು. ಆ ಸುಕ್ಕೇ ಅದರ ಗುರುತು. 2011ರಲ್ಲಿ ಜಿಐ ಟ್ಯಾಗ್ ಕೂಡ ಬಂತು. ಯಾರೂ ಅದಕ್ಕೆ ಇಸ್ತ್ರಿ ಹಾಕಲ್ಲ. ನಾವು ಮಾತ್ರ ನಮ್ಮ ಮುಖಕ್ಕೆ ಇಸ್ತ್ರಿ ಹಾಕ್ತಾ ಕೂತಿದ್ದೀವಿ.

ಮುಂದಿನ ಫೋಟೊ ಇದ್ದ ಹಾಗೇ ಹಾಕೋಣ. ಅದಕ್ಕೂ ಮೊದಲು, ಇವತ್ತು ರಾತ್ರಿ ಆ ಗೆಳತಿಯನ್ನ ಮೆಸ್ಸಿಗೆ ಕರಕೊಂಡು ಹೋಗೋಣ.