‘ಅಪಮ್ಯಾಟಕ್ಸ್’ ಹಡಗು ಕಲಿಸುವ ಪಾಠ

ಗೆದ್ದವರ ಸಾಧನೆಗಳನ್ನು ಲೋಕವು ತಾನಾಗಿಯೇ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಕಾಲಪ್ರವಾಹಕ್ಕೆ ಎದುರಾಗಿ ನಿಂತು ಹಿಂದೆ ಬಿದ್ದ ಪ್ರಯತ್ನಗಳನ್ನು ನೆನೆಯುವವರು ವಿರಳ. ಅಮೆರಿಕ ಸಂಯುಕ್ತ ಸಂಸ್ಥಾನದ ಮಿಷಿಗನ್ ಸರೋವರದಲ್ಲಿ, ಮಿಲ್ವಾಕಿ ನಗರದ ನೆರೆಯ ಶೋರ್‌ವುಡ್ ಊರಿನ ದಡಕ್ಕೆ ಸಮೀಪವಾಗಿ, ಹದಿನೈದು ಇಪ್ಪತ್ತು ಅಡಿ ನೀರಿನಡಿಯಲ್ಲಿ ಅಂತಹ ಪ್ರಯತ್ನವೊಂದರ ಅವಶೇಷ ಮಲಗಿದೆ. ಅದು ‘ಅಪಮ್ಯಾಟಕ್ಸ್’ ಎಂಬ ಮರದ ಸರಕು ಸಾಗಣೆಯ ಉಗಿಹಡಗು.

ಸುಮಾರು 58,000 ಚದರ ಕಿಲೋಮೀಟರು ವಿಸ್ತಾರವುಳ್ಳ ಮಿಷಿಗನ್ ಸರೋವರವು ಹೆಸರಿಗೆ ಸರೋವರವಾದರೂ ಬಿರುಗಾಳಿಯ ಕಾಲದಲ್ಲಿ ಸಮುದ್ರವೇ ಸರಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳ ಮೇಲೆ ಕಬ್ಬಿಣದ ಅದಿರು, ಕಲ್ಲಿದ್ದಲು, ಧಾನ್ಯಗಳ ಸಾಗಣೆ ಅಗಾಧವಾಗಿ ಬೆಳೆಯಿತು. ಮೊದಮೊದಲು ಈ ಭಾರವನ್ನು ಹೊತ್ತದ್ದು ಮರದ ಹಡಗುಗಳು. ಆದರೆ 1886ರಲ್ಲಿ ‘ಸ್ಪೋಕೇನ್’ ಎಂಬ ಉಕ್ಕಿನ ಸರಕುಹಡಗು ನೀರಿಗಿಳಿದ ಮೇಲೆ ಮರದ ಯುಗ ಮುಗಿಯುತ್ತ ಬಂದಿತೆಂಬುದು ಅನೇಕರಿಗೆ ಮನವರಿಕೆಯಾಯಿತು. ಹಾಗೆ ಒಪ್ಪದವರಲ್ಲಿ ಪ್ರಮುಖನು ಮಿಷಿಗನ್ ರಾಜ್ಯದ ವೆಸ್ಟ್ ಬೇ ಸಿಟಿಯ ಹಡಗುಶಿಲ್ಪಿ ಜೇಮ್ಸ್ ಡೇವಿಡ್ಸನ್. ಉಕ್ಕಿನೊಡನೆ ಮರವೂ ಸೆಣಸಬಲ್ಲದೆಂದು ನಂಬಿದ ಆತ 1896ರಲ್ಲಿ 319 ಅಡಿ ಉದ್ದ, 42 ಅಡಿ ಅಗಲದ ಅಪಮ್ಯಾಟಕ್ಸನ್ನು ಕಟ್ಟಿಸಿದನು. ಮಹಾಸರೋವರಗಳ ಮೇಲೆ ಸಂಚರಿಸಿದ ಮರದ ಸರಕು ಉಗಿಹಡಗುಗಳಲ್ಲಿ ಅತಿ ದೊಡ್ಡವುಗಳ ಸಾಲಿಗೆ ಅದು ಸೇರಿತು.

ಅಷ್ಟು ಉದ್ದದ ಮರದ ಒಡಲು ಅಲೆಗಳ ಮೇಲೆ ಬಾಗದೆ, ಬಿರಿಯದೆ ಇರುವುದು ಸುಲಭವಲ್ಲ. ಅದಕ್ಕಾಗಿ ತಳದ ತೊಲೆಗಳಿಗೆ ಲೋಹದ ಹಾಳೆಗಳನ್ನೂ, ಪಕ್ಕೆಗಳಿಗೆ ಲೋಹದ ಪಟ್ಟಿ ಹಾಗೂ ಕಮಾನುಗಳನ್ನೂ ಜೋಡಿಸಲಾಯಿತು. ಆದರೂ ಸಂದುಗಳಿಂದ ಒಸರುವ ನೀರನ್ನು ಹೊರಹಾಕಲು ಪಂಪುಗಳು ಬೇಕಾಗುತ್ತಿದ್ದವು. ಮರವು ತನ್ನ ಶಕ್ತಿಯ ಎಲ್ಲೆಯನ್ನು ಮುಟ್ಟಿದ್ದಿತು.

1905ರ ನವೆಂಬರ್ 2ರಂದು ಅಪಮ್ಯಾಟಕ್ಸ್ ಕಲ್ಲಿದ್ದಲು ತುಂಬಿಕೊಂಡು, ‘ಸ್ಯಾಂಟಿಯಾಗೊ’ ಎಂಬ ಸರಕುದೋಣಿಯನ್ನು ಎಳೆದುಕೊಂಡು ಮಿಲ್ವಾಕಿಯತ್ತ ಬರುತ್ತಿತ್ತು. ನಗರದ ಕಾರ್ಖಾನೆಗಳ ಹೊಗೆ ಮಂಜಿನೊಡನೆ ಬೆರೆತು ದಡವನ್ನು ಮರೆಮಾಡಿದ್ದಿತು. ದಿಕ್ಕು ಕಾಣದೆ ಹಡಗು ನೆಲ ಹತ್ತಿತು. ಸಿಬ್ಬಂದಿಯನ್ನು ರಕ್ಷಿಸಲಾಯಿತು, ಸ್ಯಾಂಟಿಯಾಗೊವನ್ನೂ ಬಿಡಿಸಲಾಯಿತು. ಅಪಮ್ಯಾಟಕ್ಸನ್ನು ಮೇಲೆತ್ತುವ ಯತ್ನ ಮಾತ್ರ ಫಲಿಸಲಿಲ್ಲ. ಕಲ್ಲಿದ್ದಲನ್ನು ಹೊತ್ತು ತರುತ್ತಿದ್ದ ಹಡಗಿಗೆ ಕೈಗಾರಿಕೆಯ ಹೊಗೆಯೇ ಕಣ್ಣುಕಟ್ಟಾಯಿತೆಂಬುದು ವಿಚಾರವಂತರು ಗಮನಿಸತಕ್ಕ ಸಂಗತಿ.

ಪ್ರಾಣಹಾನಿಯಿಲ್ಲದ, ನಿಧಿನಿಕ್ಷೇಪವಿಲ್ಲದ ಈ ಮುರುಕು ಹಡಗಿಗಾಗಿ ಶ್ರಮ ಹಣಗಳನ್ನು ವೆಚ್ಚ ಮಾಡುವುದೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಅಸಂಗತವೇನಲ್ಲ. ಆದರೆ ಆ ಕಾಲದ ಹಡಗುಶಿಲ್ಪಿಗಳ ವಿದ್ಯೆ ಬಹುಮಟ್ಟಿಗೆ ಕೈಯಿಂದ ಕೈಗೆ ಬಂದುದು. ಪೂರ್ಣವಾಗಿ ಕಾಗದಕ್ಕೆ ಇಳಿದುದಲ್ಲ. ತೊಲೆಯನ್ನು ಹೇಗೆ ಬೆಸೆದರು, ಲೋಹವನ್ನು ಎಲ್ಲಿ ಬಿಗಿದರು ಎಂಬುದನ್ನು ತಿಳಿಯಲು ಹಡಗಿನ ಒಡಲನ್ನೇ ಓದಬೇಕು. ಸಿಹಿನೀರಿನಲ್ಲಿ ಮರ ತಿನ್ನುವ ಕಡಲಹುಳುಗಳು ಬದುಕುವುದಿಲ್ಲವಾದ್ದರಿಂದ ಆ ಗ್ರಂಥ ಇಂದಿಗೂ ಓದಲು ಸಿಕ್ಕುತ್ತಿದೆ. ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯ ಪುರಾತತ್ವಜ್ಞರು ನೀರಿಗಿಳಿದು ಅವಶೇಷವನ್ನು ಅಳೆದು ದಾಖಲಿಸಿದರು. 2005ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು.

ಆದರೆ ಸರೋವರದ ಈ ಕಾವಲು ಶಾಶ್ವತವಲ್ಲ. ದಡದ ಬಳಿಯ ಅಲೆಗಳೂ ಚಳಿಗಾಲದ ಮಂಜುಗಡ್ಡೆಯೂ ಹಲಗೆಗಳನ್ನು ಸಡಿಲಿಸುತ್ತವೆ. ಮೇಲಾಗಿ, ದೂರದ ಹಡಗುಗಳು ಸಮತೋಲಕ್ಕಾಗಿ ತುಂಬಿ ತಂದ ನೀರಿನೊಡನೆ ಯುರೋಪಿನ ಪಟ್ಟೆಚಿಪ್ಪುಗಳು ಈ ಸರೋವರಗಳನ್ನು ಹೊಕ್ಕವು. 1988ರಲ್ಲಿ ಅಲ್ಲಿ ಮೊದಲು ಪತ್ತೆಯಾದ ಈ ಜೀವಿಗಳೂ ಅವುಗಳ ಬಂಧುಗಳೂ ಮುಳುಗಿದ ಹಡಗುಗಳಿಗೆ ಪದರಪದರವಾಗಿ ಅಂಟಿ, ತಮ್ಮ ಭಾರದಿಂದ ಮರವನ್ನು ಜಗ್ಗಿ, ಕಬ್ಬಿಣದ ಮೊಳೆಗಳು ಬೇಗ ತುಕ್ಕು ಹಿಡಿಯುವಂತೆ ಮಾಡುತ್ತವೆ. ಹಡಗುಗಳೇ ತಂದ ಪಿಡುಗು ಹಡಗುಗಳ ಅವಶೇಷಗಳನ್ನು ತಿನ್ನುತ್ತಿದೆ.

ಅದೇ 1988ರಲ್ಲಿ ಜಾರಿಗೆ ಬಂದ ಅಮೆರಿಕದ ಕಾನೂನು ಇಂತಹ ಪರಿತ್ಯಕ್ತ ಹಡಗುಗಳ ಒಡೆತನವನ್ನು ಆಯಾ ರಾಜ್ಯಗಳಿಗೆ ವಹಿಸಿತು. ಅದು ಉಚಿತವಾದ ಕ್ರಮ. ನೆನಪಿನ ಕಾಣಿಕೆಯೆಂದು ಒಬ್ಬನು ಕಿತ್ತೊಯ್ದ ಮೊಳೆ ಅವನ ಮನೆಯ ಗೂಡಿನಲ್ಲಿ ಬರಿಯ ಕಬ್ಬಿಣದ ತುಂಡು. ತೊಲೆಯಲ್ಲಿದ್ದಾಗ ಅದು ಶಿಲ್ಪಿಯ ಯೋಚನೆಗೆ ಸಾಕ್ಷಿ. ಆದರೆ ಕಾನೂನು ಮನುಷ್ಯನ ಕೈಯನ್ನು ತಡೆದೀತೇ ಹೊರತು ಅಲೆಯನ್ನಾಗಲಿ ಚಿಪ್ಪನ್ನಾಗಲಿ ತಡೆಯಲಾರದು. ಆದಕಾರಣ ಇದ್ದಲ್ಲಿಯೇ ಬಿಟ್ಟು, ಇರುವಾಗಲೇ ಅಳೆದು ಬರೆದಿಡುವುದೊಂದೇ ಉಳಿದ ಮಾರ್ಗ.

ಡೇವಿಡ್ಸನ್ನನ ನಂಬಿಕೆ ಕಾಲದೆದುರು ನಿಲ್ಲಲಿಲ್ಲ, ನಿಜ. ಆದರೆ ಒಂದು ವಿದ್ಯೆ ಎಲ್ಲಿಯವರೆಗೆ ನಡೆದು ಎಲ್ಲಿ ನಿಂತಿತೆಂಬುದನ್ನು ತಿಳಿಯುವುದೂ ಶಿಕ್ಷಣದ ಭಾಗವೇ. ಉಕ್ಕು ಗೆದ್ದ ವರ್ಷವನ್ನು ವಿದ್ಯಾರ್ಥಿ ಪುಸ್ತಕದಿಂದ ಕಲಿಯಬಲ್ಲನು. ಮರ ಏಕೆ ಸೋತಿತೆಂಬುದನ್ನು ಅಪಮ್ಯಾಟಕ್ಸಿನ ತೊಲೆಗಳೇ ಹೇಳಬೇಕು. ಅವು ಕರಗುವ ಮುನ್ನ ಆ ಮಾತನ್ನು ಬರೆದುಕೊಳ್ಳುವುದು ಈ ತಲೆಮಾರಿನ ಹೊಣೆ.