ಕಾಲು ತೆಗೆಯೋಕೆ ಕಾರ್ಡ್ ಇದೆ, ಕಾಲು ಉಳಿಸೋ ಮಾತ್ರೆಗೆ ಇಲ್ಲ

ನಮ್ಮ ಸೋದರತ್ತೆಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯ್ತು. ಕೂಲಿ ಸಿಕ್ಕ ವಾರ ಮಾತ್ರೆ ತರಿಸೋರು, ಸಿಗದ ವಾರ ಸುಮ್ಮನಿರೋರು. ಕಳೆದ ವರ್ಷ ಹೆಬ್ಬೆರಳಿನ ಗಾಯ ಕೊಳೆತು ಆಸ್ಪತ್ರೆಗೆ ಸೇರಿಸಿದೆವು. ಮೊಣಕಾಲ ಕೆಳಗಿನ ಭಾಗ ತೆಗೆಯಬೇಕಾಯ್ತು. ಆಪರೇಷನ್, ಹಾಸಿಗೆ, ಔಷಧಿ ಎಲ್ಲ ಆಯುಷ್ಮಾನ್ ಕಾರ್ಡಿನಲ್ಲೇ ಮುಗಿಯಿತು. ನಾವು ಬಿಲ್ಲು ಕಟ್ಟಲಿಲ್ಲ. ಆ ಕಾರ್ಡ್ ಇಲ್ಲದಿದ್ದರೆ ಇದ್ದ ಅರ್ಧ ಎಕರೆಯೂ ಹೋಗುತ್ತಿತ್ತು. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಆದರೆ ಮನೆಗೆ ಬಂದ ಮೇಲೆ ಅತ್ತೆ ಕೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. "ಅಲ್ಲಪ್ಪಾ, ಕಾಲು ತೆಗೆಯೋಕೆ ಅಷ್ಟು ದುಡ್ಡು ಕೊಡೋ ಸರ್ಕಾರ, ಆವತ್ತೇ ಮಾತ್ರೆಗೆ ಕೊಡೋಕೆ ಆಗ್ತಿರ್ಲಿಲ್ವಾ?"

ನಮ್ಮ ರಾಜಕಾರಣಿಗಳು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅವರ ಜಗಳವೇ ಬೇರೆ, ಕಾರ್ಡಿನ ಮೇಲೆ ಯಾರ ಹೆಸರು, ಯಾರ ಫೋಟೋ ಎಂಬುದು. ಕರ್ನಾಟಕ 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಶುರು ಮಾಡಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಪ್ರಧಾನಿ ಮೋದಿ ರಾಂಚಿಯಲ್ಲಿ ಆಯುಷ್ಮಾನ್ ಭಾರತ್‌ಗೆ ಚಾಲನೆ ಕೊಟ್ಟರು. ಅಕ್ಟೋಬರ್ ಕೊನೆಗೆ ಎರಡನ್ನೂ ಕೂಡಿಸಿದರು. 2023ರಲ್ಲಿ ಹೊಸ ಕಾರ್ಡ್ ಬಂತು, ಅದರಲ್ಲಿ ಪ್ರಧಾನ ಮಂತ್ರಿಯೂ ಇದ್ದಾರೆ, ಮುಖ್ಯಮಂತ್ರಿಯೂ ಇದ್ದಾರೆ. ಆ ಯೋಜನೆಯ ಪೂರ್ತಿ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ನೋಡಿ, ಬಿಪಿ ಏರುತ್ತದೆ!

ಬೇರೆ ರಾಜ್ಯಗಳದ್ದೂ ಇದೇ ಕಥೆ. ಪಶ್ಚಿಮ ಬಂಗಾಳ 2019ರ ಜನವರಿಯಲ್ಲಿ ಕೇಂದ್ರದ ಯೋಜನೆಯಿಂದ ಹೊರಬಂದು ತನ್ನದೇ 'ಸ್ವಾಸ್ಥ್ಯ ಸಾಥಿ' ನಡೆಸಿತು. ಒಡಿಶಾ ಸೇರಿದ್ದು 2025ರ ಜನವರಿಯಲ್ಲಿ, ಸರ್ಕಾರ ಬದಲಾದ ಮೇಲೆ. ದೆಹಲಿಯೂ ಹಾಗೆಯೇ, ಅದೇ ವರ್ಷ ಏಪ್ರಿಲ್‌ನಲ್ಲಿ. ಅಂದರೆ ನಿಮ್ಮ ಕಾರ್ಡ್ ಯಾವುದು ಎಂದು ತೀರ್ಮಾನ ಮಾಡುವುದು ನಿಮ್ಮ ಕಾಯಿಲೆ ಅಲ್ಲ, ಎಲೆಕ್ಷನ್ ಫಲಿತಾಂಶ.

ಇನ್ನು ಹಣದ ಲೆಕ್ಕ. ಕೇಂದ್ರ 60, ರಾಜ್ಯ 40 ಎಂಬುದು ಸೂತ್ರ. ಆದರೆ ಕೇಂದ್ರ ಲೆಕ್ಕ ಹಿಡಿಯುವುದು 2011ರ ಸಾಮಾಜಿಕ-ಆರ್ಥಿಕ ಗಣತಿಯ ಪಟ್ಟಿಯ ಮೇಲೆ. ನಮ್ಮಲ್ಲಿ ರೇಷನ್ ಕಾರ್ಡ್ ಇರುವ ಇನ್ನೂ ಎಷ್ಟೋ ಕುಟುಂಬಗಳು ಯೋಜನೆಯೊಳಗಿವೆ, ಅವರ ಖರ್ಚು ರಾಜ್ಯದ ತಲೆ ಮೇಲೆ. ಈ ವಿಷಯದಲ್ಲಿ ರಾಜ್ಯ ಸರ್ಕಾರದ ದೂರು ನ್ಯಾಯವಾದದ್ದೇ. ಹಾಗೆಂದು ರಾಜ್ಯವೇನೂ ಸಾಚಾ ಅಲ್ಲ. ಇಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಖರ್ಚಿನ 30 ಪರ್ಸೆಂಟ್ ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಿ ಗಲಾಟೆಯಾಯಿತಲ್ಲ, ಆಗ ಎಲ್ಲರೂ ಅಕ್ಕಿಯ ಬಗ್ಗೆ ಮಾತಾಡಿದರು. ಅಕ್ಕಿಯ ಜೊತೆ ಆಸ್ಪತ್ರೆಯೂ ಕೈತಪ್ಪುತ್ತದೆ ಎಂದು ಹೇಳಿದವರು ಕಡಿಮೆ. ಆಮೇಲೆ ಅರ್ಹರಿಗೆ ವಾಪಸ್ ಕೊಡುತ್ತೇವೆ ಅಂದರು. ಸರಿ, ನಡುವೆ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿದ್ದರೆ?

ಕಾರ್ಡ್ ಕೆಲಸ ಮಾಡುವುದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದಾಗ. ಅಡ್ಮಿಟ್ ಆಗುವ ಮುಂಚಿನ ಮೂರು ದಿನ, ಡಿಸ್ಚಾರ್ಜ್ ಆದ ಮೇಲಿನ ಹದಿನೈದು ದಿನದ ಖರ್ಚು ಸೇರುತ್ತದೆ, ಅಷ್ಟೇ. ಡಾಕ್ಟರ್ ಹತ್ತಿರ ತೋರಿಸಿಕೊಂಡು ಬರುವ ಫೀಸು, ರಕ್ತ ಪರೀಕ್ಷೆ, ತಿಂಗಳ ಮಾತ್ರೆ, ಆಟೋ ಬಾಡಿಗೆ, ಜೊತೆಗೆ ಹೋದವರ ಒಂದು ದಿನದ ಕೂಲಿ, ಇವು ಯಾವುದೂ ಇಲ್ಲ. ಹಳ್ಳಿಮನೆಯ ದುಡ್ಡು ಸೋರುವುದೇ ಇಲ್ಲಿ. ಕೇಂದ್ರದ್ದೇ ಲೆಕ್ಕದ ಪ್ರಕಾರ 2021-22ರಲ್ಲಿ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾದ ಪ್ರತಿ ನೂರು ರೂಪಾಯಿಯಲ್ಲಿ 39 ರೂಪಾಯಿ ಜನ ತಮ್ಮ ಜೇಬಿನಿಂದ ಕೊಟ್ಟದ್ದು. 2013-14ರಲ್ಲಿ ಇದು 64 ಇತ್ತು. ಇಳಿದಿದೆ, ಒಳ್ಳೆಯದು. ಆದರೂ 39 ಕಡಿಮೆಯಲ್ಲ.

70 ವರ್ಷ ದಾಟಿದ ಎಲ್ಲರಿಗೂ, ಬಡವ ಶ್ರೀಮಂತ ಎನ್ನದೆ, 5 ಲಕ್ಷದ ವಿಮೆ ಎಂದು 2024ರ ಅಕ್ಟೋಬರ್‌ನಲ್ಲಿ ಘೋಷಣೆಯಾಯಿತು. 2025ರ ಸೆಪ್ಟೆಂಬರ್ 22ರಿಂದ ಸ್ವಂತಕ್ಕೆ ಮಾಡಿಸುವ ಆರೋಗ್ಯ ವಿಮೆಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ತೆಗೆದರು. ಎರಡೂ ಒಳ್ಳೆಯವೇ. ಆದರೆ ನಮ್ಮ ಬೀದಿಯಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರ ಪ್ರೀಮಿಯಂ ಕಟ್ಟುವವರು ಯಾರಿದ್ದಾರೆ? ಪಾರ್ಲಿಮೆಂಟಿನಲ್ಲಿ ಆ ತೆರಿಗೆಗಾಗಿ ಆದಷ್ಟು ಕೂಗಾಟ ಪಿಎಚ್‌ಸಿಯ ಮಾತ್ರೆಗಾಗಿ ಆದದ್ದನ್ನು ನಾನಂತೂ ಕೇಳಿಲ್ಲ.

ಪಿಎಚ್‌ಸಿಯಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ, ನಿಜ. ಸ್ಟಾಕ್ ಇದ್ದರೆ. ನಮ್ಮೂರಿಂದ ಪಿಎಚ್‌ಸಿಗೆ ಏಳು ಕಿಲೋಮೀಟರ್. ಹೋದಾಗ "ಮುಂದಿನ ವಾರ ಬನ್ನಿ" ಅಂದರೆ ಅವತ್ತಿನ ಕೂಲಿಯೂ ಹೋಯ್ತು, ಮಾತ್ರೆಯೂ ಇಲ್ಲ. ಅಲ್ಲಿನ ನರ್ಸಮ್ಮನನ್ನು ಬೈದು ಪ್ರಯೋಜನವಿಲ್ಲ, ಮೇಲಿನಿಂದ ಬಂದಷ್ಟನ್ನು ಅವರು ಹಂಚುತ್ತಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, ಸರ್ಕಾರಗಳು ಆರೋಗ್ಯಕ್ಕೆ ಮಾಡುವ ಖರ್ಚನ್ನು 2025ರ ಹೊತ್ತಿಗೆ ಜಿಡಿಪಿಯ 2.5 ಪರ್ಸೆಂಟ್‌ಗೆ ಏರಿಸುವುದಾಗಿ ಹೇಳಿತ್ತು. 2021-22ರಲ್ಲಿ ಅದು 1.84ರಲ್ಲಿತ್ತು. ಸಬ್‌ಸೆಂಟರ್‌ಗಳ ಬೋರ್ಡು ಮಾತ್ರ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂದು ಬದಲಾಯಿತು.

ರಾಜ್ಯದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾದಾಗ ನನಗೆ ಖುಷಿಯಾಗಿತ್ತು. ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವುದು ಸರಿಯಾದ ದಾರಿ. ಆದರೆ ಶುಗರ್ ಇದೆ ಎಂದು ಹೇಳಿ ಹೋದವರು ಪ್ರತಿ ತಿಂಗಳೂ ಮಾತ್ರೆ ಮುಟ್ಟಿಸಬೇಕು. ಇನ್ನು ಓಟು ಕೇಳಲು ಬಂದವರನ್ನು, ಯಾವ ಪಕ್ಷದವರಾದರೂ ಸರಿ, ನಮ್ಮ ಪಿಎಚ್‌ಸಿಯಲ್ಲಿ ಮೆಟ್‌ಫಾರ್ಮಿನ್ ಎಷ್ಟು ದಿನಕ್ಕೆ ಇದೆ ಎಂದು ಕೇಳಿ. ಆ ಹೆಸರೇ ಗೊತ್ತಿಲ್ಲದಿದ್ದರೆ ಹೇಳಿಕೊಡಿ.

ಅತ್ತೆಗೆ ಈ ತಿಂಗಳು ಹದಿನೈದು ದಿನದ ಮಾತ್ರೆ ಸಿಕ್ಕಿದೆ. ಉಳಿದದ್ದನ್ನು ನಿನ್ನೆ ಮೆಡಿಕಲ್ ಶಾಪಿನಿಂದ ತಂದುಕೊಟ್ಟೆ.