ಹಿಂಡಿ ಅಗ್ಗಕ್ಕೆ ಸಿಕ್ಕಿತು ಅಂತ ಕೋಳಿಗೆ ಸುರಿಯಬೇಡಿ

ಸೋಯಾ ರೇಟು ಏರಿದಾಗಲೆಲ್ಲ ಬ್ರಾಯ್ಲರ್ ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: "ಸೋಯಾ ಬಿಡಿ, ಶೇಂಗಾ ಹಿಂಡಿ ಹಾಕಿ, ಖರ್ಚು ಇಳಿಯುತ್ತೆ." ಇದು ಅರ್ಧ ಸತ್ಯ. ಉಳಿದರ್ಧ ಕಲಿಯೋಕೆ ನಾನು ಒಂದು ಬ್ಯಾಚ್ ಕಳೆದುಕೊಂಡೆ.

2021 ನೆನಪಿದೆಯಲ್ಲ? ಸೋಯಾ ಹಿಂಡಿ ಕೆಜಿಗೆ 80 ರೂಪಾಯಿ ದಾಟಿತ್ತು. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಆಮದಿಗೆ ಒಪ್ಪಿಗೆ ಕೊಡಬೇಕಾಯಿತು. ನಾನು ಕಂಪನಿಗೆ ಸಾಕುವವನಲ್ಲ, ಫೀಡ್ ನಾನೇ ಕಲಸುತ್ತೇನೆ. ನೂರು ರೂಪಾಯಿ ಖರ್ಚಿನಲ್ಲಿ 65-70 ರೂಪಾಯಿ ಫೀಡಿಗೇ ಹೋಗುತ್ತೆ. ಆ ಮಳೆಗಾಲದಲ್ಲಿ ಒಂದು ಎಣ್ಣೆ ಮಿಲ್ಲಿನಿಂದ ಶೇಂಗಾ ಹಿಂಡಿ ತಂದೆ. ಸ್ವಲ್ಪ ಮುಗ್ಗಲು ವಾಸನೆ ಇತ್ತು. "ಬಿಸಿಲಿಗೆ ಹಾಕು, ಸರಿಹೋಗುತ್ತಪ್ಪ" ಅಂದರು. ಹಾಗೇ ಮಾಡಿದೆ. ಮೂರನೇ ವಾರಕ್ಕೆ ಕೋಳಿಗಳು ತಿನ್ನೋದು ಬಿಟ್ಟವು, ತೂಕ ನಿಂತಿತು, ದಿನಾ ಹತ್ತು ಹದಿನೈದು ಸಾಯತೊಡಗಿದವು. ಡಾಕ್ಟರು ಕೊಯ್ದು ತೋರಿಸಿದರು: ಲಿವರ್ ಊದಿ ಹಳದಿಯಾಗಿತ್ತು. ಅಫ್ಲಾಟಾಕ್ಸಿನ್ ವಿಷ.

ಬಿಸಿಲಿಗೆ ಬೂಷ್ಟು ಒಣಗುತ್ತೆ, ಅದು ಬಿಟ್ಟ ವಿಷ ಹೋಗಲ್ಲ. ಕುದಿಸಿದರೂ ಅಷ್ಟೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. ಈ ವಿಷ ಪತ್ತೆಯಾದದ್ದೇ ಆಮೇಲೆ. ಅಲ್ಲೂ ಕಾರಣ ಶೇಂಗಾ ಹಿಂಡಿಯೇ.

ಹಾಗಂತ ಎಣ್ಣೆಕಾಳೇ ಬೇಡ ಅನ್ನಲ್ಲ. ಆದರೆ ಒಂದೊಂದರ ಗುಣ ತಿಳಿದಿರಬೇಕು.

ಶೇಂಗಾ ಹಿಂಡಿ: ಪ್ರೋಟೀನ್ ಶೇ. 40ರ ಮೇಲೆ ಇದೆ. ಆದರೆ ಲೈಸಿನ್, ಮೆಥಿಯೋನಿನ್ ಕಡಿಮೆ.

ಸೂರ್ಯಕಾಂತಿ ಹಿಂಡಿ: ಸಿಪ್ಪೆ ಸೇರಿದ್ದರೆ ನಾರು ಜಾಸ್ತಿ, ಮರಿಗಳಿಗೆ ಜೀರ್ಣ ಆಗಲ್ಲ. ಲೈಸಿನ್ ಇದರಲ್ಲೂ ಕಡಿಮೆ.

ಎಳ್ಳಿನ ಹಿಂಡಿ: ಮೆಥಿಯೋನಿನ್ ಚೆನ್ನಾಗಿದೆ, ಲೈಸಿನ್ ಸಾಲದು.

ಸೋಯಾ ಕಾಳು: ಹಸಿಯಾಗಿ ಪುಡಿ ಮಾಡಿ ಹಾಕಬೇಡಿ, ಅದರಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇರುತ್ತೆ. ಸರಿಯಾಗಿ ಹುರಿದೇ ಬಳಸಬೇಕು.

ಹರಳು, ಹೊಂಗೆ, ಬೇವಿನ ಹಿಂಡಿ: ಹೊಲಕ್ಕೆ ಗೊಬ್ಬರ. ಕೋಳಿಗೆ ಬೇಡವೇ ಬೇಡ.

ಈಗ ನಾನು ಮೊದಲ ಮೂರು ವಾರ ಸೋಯಾ ಬಿಟ್ಟು ಬೇರೆ ಹಿಂಡಿ ಮುಟ್ಟಲ್ಲ. ಆಮೇಲೆ ಸೋಯಾದ ಕಾಲು ಭಾಗ ಮಾತ್ರ ಬದಲಿಸುತ್ತೇನೆ. ಕೊರತೆ ಬೀಳುವ ಲೈಸಿನ್ ಎಷ್ಟು ಸೇರಿಸಬೇಕು ಅಂತ ಡಾಕ್ಟರನ್ನೇ ಕೇಳುತ್ತೇನೆ. ಲ್ಯಾಬ್ ವರದಿ ಇಲ್ಲದ ಶೇಂಗಾ ಹಿಂಡಿ ಶೆಡ್ಡಿನೊಳಗೆ ಬರಲ್ಲ. ಪರೀಕ್ಷೆ ಎಲ್ಲಿ ಮಾಡಿಸಬೇಕು ಅಂತ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನಾವು ತಪ್ಪುವುದು ಲೆಕ್ಕದಲ್ಲಿ. ಒಂದು ಕೆಜಿ ಫೀಡಿಗೆ ಎಷ್ಟು ಉಳಿಯಿತು ಅಂತ ನೋಡುತ್ತೇವೆ. ನೋಡಬೇಕಾದ್ದು ಒಂದು ಕೆಜಿ ಕೋಳಿಗೆ ಎಷ್ಟು ಬಿತ್ತು ಅನ್ನೋದನ್ನ. ಫೀಡಿನಲ್ಲಿ ಎರಡು ರೂಪಾಯಿ ಉಳಿಸಿ ಕೋಳಿ ಒಂದು ವಾರ ತಡವಾಗಿ ತೂಕಕ್ಕೆ ಬಂದರೆ ಉಳಿಸಿದ್ದಲ್ಲ, ಕಳೆದದ್ದು. ಮುಂದಿನ ಬ್ಯಾಚಿಗೆ ಹಿಂಡಿ ಬದಲಿಸುವ ಯೋಚನೆ ಇದ್ದರೆ ಮೊದಲು ಐವತ್ತು ಕೋಳಿಗೆ ಮಾತ್ರ ಬೇರೆ ಹಾಕಿ, ವಾರ ವಾರ ತೂಕ ಬರೆದಿಡಿ. ಗುಂಪಿನ ಮೆಸೇಜಿಗಿಂತ ನಿಮ್ಮ ತಕ್ಕಡಿ ನಂಬಿ.